ರಣಥಂಬೋರ್‌ಗೂ ಜೈಪುರಕ್ಕೂ ಸೇರಿ ಒಂದೇ ಟೈಂಟೇಬಲ್

ಪ್ರವಾಸದ ಸುದ್ದಿ ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ. ಬಂಡೀಪುರ, ನಾಗರಹೊಳೆ ಪಕ್ಕದಲ್ಲೇ ಇರುವಾಗ ಹುಲಿ ನೋಡೋಕೆ ರಾಜಸ್ಥಾನಕ್ಕೆ ಹೋಗಬೇಕಾ? ಕೇಳಿದ್ದು ತಪ್ಪೇನಲ್ಲ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ, ರಾಜಸ್ಥಾನದಲ್ಲಿ 88. ಆದರೆ ನಮ್ಮ ಮನೆಯ ಕಷ್ಟ ಬೇರೆ. ಮಗಳಿಗೆ ಹುಲಿ ಬೇಕು. ಇವರಿಗೆ ಕೋಟೆ ಬೇಕು. ಅತ್ತೆಗೆ ಯಾವ ಊರಿಗೆ ಹೋದರೂ ಒಂದು ದೇವಸ್ಥಾನ ಆಗಲೇಬೇಕು. ನನಗೆ ಜೈಪುರದ ಜಂತರ್ ಮಂತರ್, ಅಂದರೆ ರಾಜರ ಕಾಲದ ಖಗೋಳ ವೀಕ್ಷಣಾಲಯ, ನೋಡುವ ಆಸೆ ಶಾಲೆಯ ದಿನಗಳಿಂದ ಇತ್ತು. ರಜೆ ಮಾತ್ರ ಎಲ್ಲ ಸೇರಿಸಿದರೂ ಒಂದು ವಾರ ಆಗಲ್ಲ. ಹುಡುಕುತ್ತಾ ಹೋದಾಗ ರಣಥಂಬೋರ್ ಸಿಕ್ಕಿತು. ಹುಲಿ, ಕೋಟೆ, ಗಣಪತಿ ಗುಡಿ ಮೂರೂ ಅಲ್ಲೇ ಇವೆ. ಜೈಪುರ ಅಲ್ಲಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

ಓದುತ್ತಾ ಇನ್ನೊಂದು ವಿಷಯ ಗೊತ್ತಾಯಿತು. ಈ ಕಾಡಿಗೂ ಜೈಪುರಕ್ಕೂ ಒಂದೇ ಮನೆತನದ ನಂಟು. ರಣಥಂಬೋರ್‌ಗೆ ಹೋಗುವವರು ಇಳಿಯುವ ಸ್ಟೇಷನ್ ಸವಾಯಿ ಮಾಧೋಪುರ. ಜೈಪುರದ ರಾಜ ಒಂದನೇ ಸವಾಯಿ ಮಾಧೋ ಸಿಂಗ್ ಕಟ್ಟಿಸಿದ ಊರು ಅದು. ಸುತ್ತಲಿನ ಕಾಡು ಜೈಪುರ ಅರಸರ ಬೇಟೆಯ ಜಾಗ. 1961ರಲ್ಲಿ ಬ್ರಿಟನ್‌ನ ರಾಣಿ ಎಲಿಜಬೆತ್ ಬಂದಾಗ ಅವರ ಗಂಡ ಫಿಲಿಪ್ ಇಲ್ಲಿ ಹುಲಿ ಹೊಡೆದಿದ್ದರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ನಮ್ಮ ಬಂಡೀಪುರವೂ ಆ ಒಂಬತ್ತರಲ್ಲೇ ಇದೆ. ಅಲ್ಲಿ ಮೈಸೂರು ಅರಸರು, ಇಲ್ಲಿ ಜೈಪುರ ಅರಸರು. ಕಥೆ ಹೆಚ್ಚು ಕಡಿಮೆ ಒಂದೇ.

ಪ್ಲಾನ್ ಮಾಡಲು ಕೂತಾಗ ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಬದಿಗಿಟ್ಟೆ. ಮೊದಲು ಸಫಾರಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹವಾ ಮಹಲ್ ಇವತ್ತು ಆಗದಿದ್ದರೆ ನಾಳೆ ನೋಡಬಹುದು, ಅದೆಲ್ಲಿಗೂ ಹೋಗಲ್ಲ. ಸಫಾರಿ ಟಿಕೆಟ್‌ನಲ್ಲಿ ದಿನ, ಬೆಳಗ್ಗೆಯೋ ಮಧ್ಯಾಹ್ನವೋ, ಯಾವ ಝೋನ್ (ಕಾಡಿನ ಯಾವ ಭಾಗ), ಯಾವ ಗಾಡಿ, ಯಾರ ಹೆಸರು ಎಲ್ಲ ಮೊದಲೇ ನಿಗದಿ. ಕೊಟ್ಟ ಗುರುತಿನ ಚೀಟಿಯನ್ನೇ ಅವತ್ತು ತೋರಿಸಬೇಕು. ನಮ್ಮ ಬದಲು ಚಿಕ್ಕಪ್ಪ ಹೋಗ್ತಾರೆ ಅಂದರೆ ನಡೆಯಲ್ಲ. ಹಾಗಾಗಿ ಕಾಡಿನ ದಿನಗಳನ್ನು ಮೊದಲು ಹಾಕಿಕೊಂಡು, ಮಿಕ್ಕ ಹೊತ್ತಿಗೆ ಊರನ್ನು ಹೊಂದಿಸುವುದೇ ಸರಿ ಅಂತ ನನ್ನ ಲೆಕ್ಕ.

ಯಾವ ತಿಂಗಳು ಅನ್ನೋದೇ ದೊಡ್ಡ ಜಗ್ಗಾಟ. ಹುಲಿ ಕಾಣಬೇಕು ಅಂದರೆ ಏಪ್ರಿಲ್, ಮೇ ಒಳ್ಳೆಯದು. ಎಲೆ ಉದುರಿರುತ್ತೆ, ನೀರು ಕೆಲವೇ ಕಡೆ ಉಳಿದಿರುತ್ತೆ, ಹುಲಿ ಅಲ್ಲಿಗೆ ಬರಲೇಬೇಕು. ಆದರೆ ಅದೇ ಮೇ ತಿಂಗಳಲ್ಲಿ ಜೈಪುರದ ಕೋಟೆಗಳಲ್ಲಿ ಕಲ್ಲಿನ ಮೇಲೆ ಕಾಲಿಡೋಕೆ ಆಗಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತೆ. ಎಪ್ಪತ್ತರ ಹತ್ತಿರ ಇರುವ ಅತ್ತೆಯನ್ನು ಆ ಬಿಸಿಲಲ್ಲಿ ಮೆಟ್ಟಿಲು ಹತ್ತಿಸುವ ಮಾತೇ ಇಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಂದರಿಂದ ಐದರವರೆಗಿನ ಮುಖ್ಯ ಝೋನ್‌ಗಳು ಮುಚ್ಚಿರುತ್ತವೆ. ಕ್ರಿಸ್‌ಮಸ್ ವಾರದಲ್ಲಿ ಅರ್ಧ ದೇಶವೇ ಅಲ್ಲಿರುತ್ತೆ. ಜನವರಿ ಕೊನೆ ಅಂದುಕೊಂಡರೆ ಜೈಪುರದ ಸಾಹಿತ್ಯ ಉತ್ಸವದ ಹೊತ್ತು, ಹೋಟೆಲ್ ರೇಟು ಏರಿರುತ್ತೆ. ಕೊನೆಗೆ ಉಳಿದದ್ದು ಡಿಸೆಂಬರ್ ಮೊದಲ ಭಾಗ. ಮಗಳಿಗೆ ಶಾಲೆ ತಪ್ಪಿಸಬೇಕಾಯಿತು. ಅವಳಿಗೇನೂ ಬೇಜಾರಾದ ಹಾಗೆ ಕಾಣಲಿಲ್ಲ.

ರಣಥಂಬೋರ್‌ನಲ್ಲಿ ಹತ್ತು ಝೋನ್‌ಗಳಿವೆ. ಒಂದರಿಂದ ಐದು ಹಳೆಯವು, ಕಾಡಿನ ನಡುಭಾಗದವು. ಆರರಿಂದ ಹತ್ತು ಹೊರಗಿನವು. ಮೂರನೇ ಝೋನ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ಯಾಕೆಂದರೆ ಕೆರೆಗಳು ಅಲ್ಲಿವೆ. ಗಾಡಿಗಳಲ್ಲಿ ಎರಡು ಥರ. ಆರು ಜನ ಕೂರುವ ಜಿಪ್ಸಿ ಒಂದು, ಇಪ್ಪತ್ತು ಜನರ ಕ್ಯಾಂಟರ್ ಇನ್ನೊಂದು. ಕ್ಯಾಂಟರ್ ಅಂದರೆ ತಲೆ ತೆರೆದ ಮಿನಿ ಲಾರಿ ಇದ್ದ ಹಾಗೆ. ಜಿಪ್ಸಿ ದುಬಾರಿ, ಆದರೂ ಅದೇ ಬೇಗ ಖಾಲಿಯಾಗುತ್ತೆ. ತಿಂಗಳುಗಳ ಮೊದಲೇ ಕೂತರೂ ನಮಗೆ ಒಂದು ಬೆಳಗ್ಗೆ ಮಾತ್ರ ಜಿಪ್ಸಿ ಸಿಕ್ಕಿತು, ಮಧ್ಯಾಹ್ನಕ್ಕೆ ಕ್ಯಾಂಟರ್. ಕ್ಯಾಂಟರ್ ಅಂದರೆ ಜನ ಮೂಗು ಮುರಿಯುತ್ತಾರೆ. ನನಗೆ ಅದು ಅಷ್ಟೇನೂ ಕೆಟ್ಟದ್ದು ಅನ್ನಿಸಲಿಲ್ಲ. ಎತ್ತರದಲ್ಲಿ ಕೂತಿರುತ್ತೀರಿ, ಪೊದೆಯ ಆಚೆಗೂ ಕಾಣುತ್ತೆ. ಗಲಾಟೆ ಮಾತ್ರ ಸಹಿಸಿಕೊಳ್ಳಬೇಕು.

ನಡುವೆ ಒಬ್ಬ ಏಜೆಂಟ್ ಫೋನ್ ಮಾಡುತ್ತಲೇ ಇದ್ದ. ಮೂರನೇ ಝೋನ್ ಕೊಡಿಸ್ತೀನಿ, ಹುಲಿ ಗ್ಯಾರಂಟಿ ಅಂತ. ಹೇಳಿದ ದುಡ್ಡು ಸರ್ಕಾರಿ ದರದ ಎರಡರಷ್ಟಕ್ಕಿಂತ ಜಾಸ್ತಿ. ಹುಲಿಗೆ ಯಾರು ಗ್ಯಾರಂಟಿ ಕೊಡ್ತಾರೆ? ಇವರು ಫೋನ್ ತಗೊಂಡು, "ಹುಲಿ ಬರದಿದ್ದರೆ ದುಡ್ಡು ವಾಪಸ್ ಕೊಡ್ತೀರಾ?" ಅಂತ ಕೇಳಿದರು. ಆಮೇಲೆ ಅವನ ಫೋನ್ ಬರಲಿಲ್ಲ.

ಇನ್ನು ಯಾವುದು ಮೊದಲು? ವಿಮಾನ ಜೈಪುರಕ್ಕೆ ಇಳಿಯುವುದರಿಂದ ಜೈಪುರ ಮುಗಿಸಿ ಕಾಡಿಗೆ ಹೋಗೋಣ ಅಂತ ಅನ್ನಿಸುತ್ತೆ. ಹಾಗೆ ಮಾಡಿದರೆ ವಾಪಸ್ ಬರುವಾಗ ಸವಾಯಿ ಮಾಧೋಪುರದಿಂದ ಜೈಪುರಕ್ಕೆ, ಅಲ್ಲಿಂದ ವಿಮಾನ ಅಂತ ಕೊನೆಯ ದಿನ ಓಡಾಟವೇ ಆಗುತ್ತೆ. ನಾವು ಕಾಡನ್ನು ಮೊದಲು ಇಟ್ಟುಕೊಂಡೆವು. ಆದರೆ ಇಳಿದ ಮರುದಿನ ಬೆಳಗ್ಗೆಯೇ ಸಫಾರಿ ಇಡಲಿಲ್ಲ, ಮಧ್ಯಾಹ್ನಕ್ಕೆ ಇಟ್ಟೆವು. ವಿಮಾನ ಲೇಟಾದರೂ, ರೈಲು ತಪ್ಪಿದರೂ ಸಫಾರಿ ಕೈತಪ್ಪಬಾರದು ನೋಡಿ. ಆ ಬೆಳಗಿನ ಹೊತ್ತು ಕೋಟೆಗೆ ಮತ್ತು ಗಣಪತಿಗೆ.

ಬೆಂಗಳೂರಿನಿಂದ ಜೈಪುರಕ್ಕೆ ವಿಮಾನದಲ್ಲಿ ಎರಡೂವರೆ ಗಂಟೆ. ರೈಲಿಗೆ ಊರಿನ ಮಧ್ಯದ ಜೈಪುರ ಜಂಕ್ಷನ್‌ಗೆ ಹೋಗಬೇಕಿಲ್ಲ. ವಿಮಾನ ನಿಲ್ದಾಣ ಇರುವುದು ಸಾಂಗಾನೇರ್ ಕಡೆ, ಅಲ್ಲಿಗೆ ದುರ್ಗಾಪುರ ಸ್ಟೇಷನ್ ಹತ್ತಿರ. ಸವಾಯಿ ಮಾಧೋಪುರದ ಕಡೆ ಹೋಗುವ ಹಲವು ರೈಲುಗಳು ಅಲ್ಲೇ ನಿಲ್ಲುತ್ತವೆ. ಈ ಸಣ್ಣ ವಿಷಯ ನಮಗೆ ಊರೊಳಗಿನ ಟ್ರಾಫಿಕ್ ಉಳಿಸಿತು. ಸವಾಯಿ ಮಾಧೋಪುರದಲ್ಲಿ ಇಳಿದಾಗ ಕತ್ತಲಾಗಿತ್ತು. ಸ್ಟೇಷನ್ ಹೊರಗೆ ಗಾಡಿಗಳ ತುಂಬ ಸೀಬೆಹಣ್ಣು. ಈ ಜಿಲ್ಲೆ ಸೀಬೆಗೆ ಹೆಸರುವಾಸಿ, ಚಳಿಗಾಲವೇ ಅದರ ಕಾಲ. ಅತ್ತೆ ಹಿಂದಿ ಬಾರದಿದ್ದರೂ ಚೌಕಾಸಿ ಮಾಡಿ ಒಂದು ಚೀಲ ತಗೊಂಡರು. ನಮ್ಮ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಚೌಕಾಸಿ ಮಾಡುವವರು ಇಲ್ಲ.

ಬೆಳಗ್ಗೆ ಕೋಟೆ. ಕೋಟೆ ಇರುವುದು ಹುಲಿ ಕಾಡಿನ ಒಳಗೇ, ಆದರೆ ಅಲ್ಲಿಗೆ ಸಫಾರಿ ಟಿಕೆಟ್ ಬೇಡ. ಸ್ಟೇಷನ್ ಕಡೆಯಿಂದ ಜೀಪುಗಳು ಹೋಗ್ತಾ ಬರ್ತಾ ಇರುತ್ತವೆ. 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಇಲ್ಲಿನ ಅರಸ ಹಮ್ಮೀರದೇವನಿಂದ ಗೆದ್ದ ಕೋಟೆ ಇದು. 2013ರಲ್ಲಿ ರಾಜಸ್ಥಾನದ ಇನ್ನಷ್ಟು ಬೆಟ್ಟದ ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಇವರು ಬುರುಜು, ಬಾಗಿಲು ಅಂತ ಒಂದೊಂದನ್ನೂ ನೋಡುತ್ತಾ ಹಿಂದೆ ಉಳಿದರು. ಅತ್ತೆ ಮೆಟ್ಟಿಲು ಹತ್ತಿ ನಮಗಿಂತ ಮೊದಲೇ ತ್ರಿನೇತ್ರ ಗಣೇಶನ ಮುಂದೆ ನಿಂತಿದ್ದರು. ಮೂರು ಕಣ್ಣಿನ ಗಣಪತಿ. ಹೆಂಡತಿಯರು ಮಕ್ಕಳ ಜೊತೆ, ಸಂಸಾರ ಸಮೇತ ಇದ್ದಾನೆ. ಈ ಗುಡಿಗೆ ದೇಶದ ಎಲ್ಲೆಡೆಯಿಂದ ಮದುವೆ ಆಮಂತ್ರಣ ಪತ್ರಿಕೆಗಳು ಅಂಚೆಯಲ್ಲಿ ಬರುತ್ತವೆ. ಅವನ್ನು ದೇವರ ಮುಂದೆ ಇಡುತ್ತಾರೆ. ಇದನ್ನು ನಾನು ಹೊರಡುವ ಮೊದಲೇ ಅತ್ತೆಗೆ ಹೇಳಿದ್ದೆ. ಅವರು ತಮ್ಮ ತಂಗಿಯ ಮೊಮ್ಮಗಳ ಮದುವೆ ಪತ್ರಿಕೆಯನ್ನು ಅರಿಶಿನ ಹಚ್ಚಿ, ಬೆಂಗಳೂರಿನಿಂದ ಕೈಚೀಲದಲ್ಲಿ ತಂದಿದ್ದರು. "ಅಂಚೆಗೆ ಯಾಕೆ ಹಾಕೋದು ಕಣೇ, ನಾನೇ ಕರೆದು ಬರ್ತೀನಿ" ಅಂದಿದ್ದರು. ಪೂಜಾರಿಗೆ ಕನ್ನಡದಲ್ಲೇ ವಧುವಿನ ಹೆಸರು, ವರನ ಹೆಸರು, ಕಲ್ಯಾಣ ಮಂಟಪದ ವಿಳಾಸ ಎಲ್ಲ ಹೇಳಿದರು. ಅವರೂ ತಲೆಯಾಡಿಸಿದರು.

ಅಲ್ಲಿಗೆ ಹೋಗುವವರು ಒಂದು ಮಾತು ನೆನಪಿಡಬೇಕು. ಬುಧವಾರ ಗಣೇಶನ ವಾರ, ಜನ ಜಾಸ್ತಿ. ಇನ್ನೊಂದು ವಿಷಯ ಗಂಭೀರವಾದದ್ದು. ನಾವು ಹೋಗಿ ಬಂದ ಮೇಲೆ, 2025ರ ಏಪ್ರಿಲ್‌ನಲ್ಲಿ, ಗುಡಿಗೆ ಹೋಗಿ ಬರುತ್ತಿದ್ದ ಏಳು ವರ್ಷದ ಹುಡುಗನನ್ನು ಹುಲಿ ಹಿಡಿದು ಕೊಂದಿತು. ಯಾತ್ರೆಯ ದಾರಿ ಅಂತ ಅನ್ನಿಸಿದರೂ ಅದು ಹುಲಿಯ ಕಾಡೇ. ಗಾಡಿಯಲ್ಲೇ ಹೋಗಿ ಗಾಡಿಯಲ್ಲೇ ಬನ್ನಿ. ಮಕ್ಕಳ ಕೈ ಬಿಡಬೇಡಿ. ಅರಣ್ಯದವರು ದಾರಿ ಮುಚ್ಚಿದ್ದರೆ ವಾದ ಮಾಡದೆ ವಾಪಸ್ ಬನ್ನಿ.

ಮಧ್ಯಾಹ್ನ ಎರಡಕ್ಕೆ ಕ್ಯಾಂಟರ್. ಚಳಿಗಾಲದಲ್ಲಿ ಬೆಳಗಿನ ಸಫಾರಿ ಏಳರಿಂದ ಹತ್ತೂವರೆ, ಮಧ್ಯಾಹ್ನದ್ದು ಎರಡರಿಂದ ಐದೂವರೆ. ನಮಗೆ ಬಂದದ್ದು ಮೂರನೇ ಝೋನೇ. ಒಳಗೆ ಹೋದ ಕೂಡಲೇ ಗೊತ್ತಾಗುವುದು ಕಾಡಿನ ಬೇರೆತನ. ಬಂಡೀಪುರದಲ್ಲಿ ರಸ್ತೆ ಪಕ್ಕ ಲಂಟಾನ ಪೊದೆ ಗೋಡೆ ಕಟ್ಟಿರುತ್ತೆ, ಹತ್ತು ಹೆಜ್ಜೆ ಆಚೆ ಆನೆ ನಿಂತರೂ ಕಾಣಲ್ಲ. ಇಲ್ಲಿ ಕಣ್ಣು ದೂರದವರೆಗೆ ಹೋಗುತ್ತೆ. ಬಹುಪಾಲು ಮರ ಧೋಕ್. ನಮ್ಮ ದಿಂಡಿಗದ ಹತ್ತಿರದ ಬಳಗದ್ದು, ಆದರೆ ಕುಳ್ಳು. ಪದಮ್ ತಲಾವ್ ಕೆರೆಯಲ್ಲಿ ಕಡವೆಗಳು ಹೊಟ್ಟೆಮಟ್ಟ ನೀರಿಗಿಳಿದು ಜೊಂಡು ಮೇಯುತ್ತಿದ್ದವು, ಅದೇ ದಡದಲ್ಲಿ ಮೊಸಳೆಗಳು ಬಿಸಿಲು ಕಾಯಿಸುತ್ತಿದ್ದವು. ಪಕ್ಕದಲ್ಲಿ ಜೋಗಿ ಮಹಲ್, ಅದರ ಹತ್ತಿರ ದೊಡ್ಡ ಆಲದ ಮರ. ಮಛ್ಲಿ ಅನ್ನುವ ಹೆಣ್ಣು ಹುಲಿ ವರ್ಷಗಟ್ಟಲೆ ಆಳಿದ ಕೆರೆಗಳಿವು. ಮೊಸಳೆಯ ಜೊತೆ ಕಾದಾಡಿ ಹೆಸರು ಮಾಡಿದ ಹುಲಿ, 2016ರಲ್ಲಿ ಸತ್ತಿತು. ನಮ್ಮ ಗೈಡ್ ಅದರ ವಿಷಯ ಹೇಳುವಾಗ ಸತ್ತ ಅಜ್ಜಿಯ ಬಗ್ಗೆ ಮಾತಾಡುವಂತೆ ಮಾತಾಡಿದರು.

ಆ ಮಧ್ಯಾಹ್ನ ಹುಲಿ ಕಾಣಲಿಲ್ಲ. ಮಣ್ಣಿನಲ್ಲಿ ಹೆಜ್ಜೆ ಗುರುತು ಮಾತ್ರ ಇತ್ತು. ಕ್ಯಾಂಟರ್ ನಿಲ್ಲಿಸಿದಾಗ ಉದ್ದ ಬಾಲದ ಕಂದು ಮಟಪಕ್ಷಿಯೊಂದು ಬಂದು ಮುಂದಿನ ಸೀಟಿನವರ ಟೋಪಿಯ ಮೇಲೆ ಕೂತಿತು. ಪ್ರವಾಸಿಗರು ಬಿಸ್ಕತ್ತು ಹಾಕಿ ಹಾಕಿ ಅವಕ್ಕೆ ಭಯವೇ ಹೋಗಿದೆ. ಹಾಕಬೇಡಿ ಅಂತ ಗೈಡ್ ಬೈದರೂ ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣದ ಸದ್ದು ನಿಲ್ಲಲಿಲ್ಲ. ಮಗಳ ಮುಖ ಸಪ್ಪಗಾಗಿತ್ತು. ಅತ್ತೆ ಮಾತ್ರ, "ಇಷ್ಟೊಂದು ಜಿಂಕೆ ನೋಡಿದೀವಲ್ಲ ಪುಟ್ಟಿ, ಹುಲಿಗೂ ಒಂದು ದಿನ ರಜೆ ಬೇಡ್ವಾ?" ಅಂದರು.

ಮರುದಿನ ಬೆಳಗ್ಗೆ ಜಿಪ್ಸಿ, ಎರಡನೇ ಝೋನ್. ಚಳಿಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬೆಂಗಳೂರಿನ ಸ್ವೆಟರ್ ಅಲ್ಲಿ ಏನೂ ಅಲ್ಲ. ಹತ್ತು ಡಿಗ್ರಿ ಆಸುಪಾಸಿನಲ್ಲಿ ತೆರೆದ ಗಾಡಿ ಓಡುವಾಗ ಗಾಳಿ ಕಿವಿ ಕೊರೆಯುತ್ತೆ. ಮಂಕಿ ಕ್ಯಾಪ್, ಕೈಗವಸು, ಹೊದೆಯಲು ಶಾಲು ಬೇಕೇ ಬೇಕು. ಒಂಬತ್ತು ಗಂಟೆಗೆ ಬಿಸಿಲು ಬಂದರೆ ಎಲ್ಲ ಬಿಚ್ಚಬೇಕು, ಆದ್ದರಿಂದ ಒಂದರ ಮೇಲೊಂದು ತೆಳು ಬಟ್ಟೆ ಹಾಕಿಕೊಳ್ಳುವುದು ವಾಸಿ. ಅತ್ತೆ ಅವತ್ತು ಹೋಟೆಲಿನಲ್ಲೇ ಉಳಿದರು. ಅವರ ಸೀಟು ಖಾಲಿಯೇ ಹೋಯಿತು, ಉಳಿದ ಎರಡು ಸೀಟಿನಲ್ಲಿ ಪುಣೆಯ ಗಂಡ ಹೆಂಡತಿ ಇದ್ದರು.

ಒಂದು ಕಣಿವೆಯ ತಿರುವಿನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದರು. ಮೇಲಿನ ಮರದಿಂದ ಮುಸುವ ಕೆಮ್ಮಿದ ಹಾಗೆ ಕೂಗಿತು. ಸ್ವಲ್ಪ ಹೊತ್ತಿಗೆ ಕಡವೆಯ ಕೂಗು. ಮುಸುವ ಸುಮ್ನೆ ಕೂಗಬಹುದು, ಕಡವೆ ಕೂಗಿದರೆ ಹೆಚ್ಚು ನಂಬಬಹುದು ಅಂತ ಗೈಡ್ ಪಿಸುಗುಟ್ಟಿದರು. ಕಾದೆವು. ಹಿಂದೆ ಮುಂದೆ ಜಿಪ್ಸಿಗಳು ಬಂದು ತುಂಬಿಕೊಂಡವು. ಆಮೇಲೆ ಹುಲಿ ಧೋಕ್ ಮರಗಳ ನಡುವಿನಿಂದ ನಡೆದು ಬಂತು. ಹೆಣ್ಣು ಹುಲಿ. ಗಾಡಿಗಳ ಕಡೆ ನೋಡಲೂ ಇಲ್ಲ. ರಸ್ತೆ ದಾಟಿ, ಒಂದು ಮರಕ್ಕೆ ಬೆನ್ನು ಮಾಡಿ ಗುರುತು ಹಾಕಿ, ಇಳಿಜಾರಿನಲ್ಲಿ ಹೋಯಿತು. ಎಲ್ಲ ಸೇರಿ ಎರಡು ನಿಮಿಷ ಇರಬಹುದು. ಮಗಳು ಫೋಟೋ ತೆಗೆಯಲಿಲ್ಲ. ಕ್ಯಾಮೆರಾ ಕೈಯಲ್ಲೇ ಇತ್ತು. ಹುಲಿ ಹೋದ ಮೇಲೆ ಜಿಪ್ಸಿಗಳು ಅದರ ಹಿಂದೆ ನುಗ್ಗಿದ ರೀತಿ ಮಾತ್ರ ನನಗೆ ಹಿಡಿಸಲಿಲ್ಲ. ಡ್ರೈವರ್‌ಗಳು ಭಕ್ಷೀಸಿನ ಆಸೆಗೆ ಓಡಿಸ್ತಾರೆ ಅನ್ನೋದು ಅರ್ಧ ನಿಜ. ಓಡಿಸಿ ಅಂತ ಹಿಂದಿನಿಂದ ಕೂಗುವವರು ನಾವೇ ಪ್ರವಾಸಿಗರು.

ಮಧ್ಯಾಹ್ನದ ರೈಲಿಗೆ ಜೈಪುರ. ಈಗ ಊರಿನ ಸರದಿ. ಸಫಾರಿಯ ಗಡಿಬಿಡಿ ಇಲ್ಲ, ಆದರೆ ಜೈಪುರಕ್ಕೂ ಒಂದು ಹೊತ್ತು ಗೊತ್ತು ಇದೆ. ಅದನ್ನು ಸೂರ್ಯನ ಪ್ರಕಾರ ಜೋಡಿಸಿದೆ. ಹವಾ ಮಹಲ್ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲಿನಲ್ಲೇ ಅದು ಚೆಂದ. 1799ರಲ್ಲಿ ಸವಾಯಿ ಪ್ರತಾಪ್ ಸಿಂಗ್ ಕಟ್ಟಿಸಿದ್ದು, 953 ಕಿಟಕಿ. ರಸ್ತೆಯಿಂದ ಕಾಣುವ ಆ ಮುಖದಲ್ಲಿ ಬಾಗಿಲೇ ಇಲ್ಲ, ಒಳಗೆ ಹೋಗಲು ಹಿಂದಿನಿಂದ ಸುತ್ತಿ ಬರಬೇಕು. ಆಮೇಲೆ ಬಿಸಿಲು ಏರಿದಾಗ ಜಂತರ್ ಮಂತರ್. ಮೋಡ ಇದ್ದರೆ ಅಲ್ಲಿ ಕಲ್ಲಿನ ಮೆಟ್ಟಿಲು ಬಿಟ್ಟರೆ ಏನೂ ಇಲ್ಲ. ಬಿಸಿಲಿದ್ದರೆ ಅದೊಂದು ಬದುಕಿರುವ ಯಂತ್ರ. 1727ರಲ್ಲಿ ಜೈಪುರ ಕಟ್ಟಿದ ಸವಾಯಿ ಜೈ ಸಿಂಗನೇ ಇದನ್ನೂ ಕಟ್ಟಿಸಿದ. ಅಲ್ಲಿನ ದೊಡ್ಡ ನೆರಳು ಗಡಿಯಾರ ಸಾಮ್ರಾಟ್ ಯಂತ್ರ, 27 ಮೀಟರ್ ಎತ್ತರ. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತೆ. ಕಲ್ಲಿನ ಗೆರೆಯ ಮೇಲೆ ಬೆರಳಿಟ್ಟು ನಿಂತರೆ ನೆರಳು ಬೆರಳನ್ನು ದಾಟುವುದು ಕಣ್ಣಿಗೆ ಕಾಣುತ್ತೆ. ಅದು ತೋರಿಸುವ ಗಂಟೆ ನಮ್ಮ ವಾಚಿಗೆ ಹೊಂದಲ್ಲ. ಭಾರತದ ಗಡಿಯಾರ ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಹತ್ತಿರ ಹಾದುಹೋಗುವ ರೇಖೆಯದ್ದು, ಜೈಪುರ ಅದರಿಂದ ಪಶ್ಚಿಮಕ್ಕಿದೆ. ಅದಕ್ಕೇ ಸುಮಾರು 27 ನಿಮಿಷ ವ್ಯತ್ಯಾಸ. ವರ್ಷದ ಯಾವ ದಿನ ಅನ್ನೋದರ ಮೇಲೆ ಇನ್ನೊಂದಿಷ್ಟು ಹೆಚ್ಚು ಕಡಿಮೆ. ಇವರು ಮತ್ತು ಮಗಳು ಚಹಾ ಕುಡಿಯಲು ಹೋದರೂ ನಾನು ಅಲ್ಲಿಂದ ಏಳಲಿಲ್ಲ.

ಪಕ್ಕದ ಸಿಟಿ ಪ್ಯಾಲೇಸ್‌ನಲ್ಲಿ ಅತ್ತೆಗೆ ಹಿಡಿಸಿದ್ದು ಎರಡು ಬೆಳ್ಳಿ ಹಂಡೆ. ಆಳೆತ್ತರದವು. ಎರಡನೇ ಮಾಧೋ ಸಿಂಗ್ 1902ರಲ್ಲಿ ಇಂಗ್ಲೆಂಡಿನ ಪಟ್ಟಾಭಿಷೇಕಕ್ಕೆ ಹೋದಾಗ ಅಲ್ಲಿನ ನೀರು ಮುಟ್ಟಬಾರದು ಅಂತ ಇಂಥ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋಗಿದ್ದ. ನಾವು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಬಂದದ್ದಕ್ಕೆ ನಗುತ್ತಿದ್ದ ತಮ್ಮ ಮಗನ ಕಡೆ ಅತ್ತೆ ತಿರುಗಿ, "ನೋಡೋ, ರಾಜರೂ ಮನೆಯಿಂದಲೇ ತಗೊಂಡು ಹೋಗ್ತಿದ್ರು" ಅಂದರು.

ಟಿಕೆಟ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಆಮೇರ್ ಕೋಟೆ, ಹವಾ ಮಹಲ್, ಜಂತರ್ ಮಂತರ್, ಆಲ್ಬರ್ಟ್ ಹಾಲ್ ಮ್ಯೂಸಿಯಂ, ನಾಹರಗಢ ಕೋಟೆ ಎಲ್ಲ ಸೇರಿದ ಒಂದೇ ಟಿಕೆಟ್ ಸಿಗುತ್ತೆ, ಎರಡು ದಿನ ನಡೆಯುತ್ತೆ. ಸಿಟಿ ಪ್ಯಾಲೇಸ್ ಅದರಲ್ಲಿ ಬರಲ್ಲ. ಆಮೇರ್‌ಗೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಆಮೇಲೆ ಬಸ್ಸುಗಳು ಬಂದು ಸುರಿಯುತ್ತವೆ. ಆನೆ ಸವಾರಿ ನಾವು ಮಾಡಲಿಲ್ಲ. ಎರಡು ದಿನ ಕಾಡಿನಲ್ಲಿ ಪ್ರಾಣಿ ನೋಡಿ ಬಂದು ಕಲ್ಲಿನ ದಾರಿಯಲ್ಲಿ ಆನೆ ಬೆನ್ನು ಹತ್ತುವುದು ಸರಿ ಅನ್ನಿಸಲಿಲ್ಲ. ಜೀಪಿದೆ, ಕಾಲಿದೆ. ಆಟೋದವರು ಸರ್ಕಾರಿ ಅಂಗಡಿ ಅಂತ ಕರೆದುಕೊಂಡು ಹೋಗುವ ಬಟ್ಟೆ ಅಂಗಡಿಗಳು ಸರ್ಕಾರಿಯೂ ಅಲ್ಲ, ಅಗ್ಗವೂ ಅಲ್ಲ.

ಕೊನೆಯ ಬೆಳಗ್ಗೆ ನಾನು ಬೇಕಂತಲೇ ಮತ್ತೊಂದು ಸಫಾರಿ ಇಟ್ಟಿದ್ದೆ. ಜೈಪುರ ಊರೊಳಗೇ ಝಾಲಾನಾ ಅನ್ನುವ ಚಿರತೆ ಕಾಡಿದೆ. ಮಾಳವೀಯ ನಗರದ ಬಡಾವಣೆ ಒಂದು ಕಡೆ, ಬೇಲಿ, ಈಚೆ ಚಿರತೆ. ಇಲ್ಲಿ ಹುಲಿಯ ಕಾಟ ಇಲ್ಲದ್ದರಿಂದ ಚಿರತೆಯದೇ ದರ್ಬಾರು. ರಾಜರ ಕಾಲದ ಬೇಟೆ ಮನೆಯೊಂದು ಇನ್ನೂ ನಿಂತಿದೆ. ವಿಮಾನ ನಿಲ್ದಾಣಕ್ಕೂ ದೂರ ಇಲ್ಲ, ಹಾಗಾಗಿ ಮಧ್ಯಾಹ್ನದ ವಿಮಾನ ಇದ್ದರೂ ಬೆಳಗಿನ ಸಫಾರಿ ಆರಾಮಾಗಿ ಮುಗಿಯುತ್ತೆ. ಈ ಸಲ ಅತ್ತೆಯೂ ಬಂದರು. ನವಿಲು, ನೀಲಗಾಯಿ ಸಾಲಾಗಿ ಸಿಕ್ಕವು. ನೀರಿನ ತೊಟ್ಟಿಯ ಹತ್ತಿರ ಒಂದು ಕತ್ತೆಕಿರುಬ ಕುಂಟಿದಂತೆ ಓಡಿತು. ಚಿರತೆ ಸಿಕ್ಕಿದ್ದು ವಾಪಸ್ ಬರುವಾಗ, ಬಂಡೆಯ ಮೇಲೆ. ಅದರ ಹಿಂದೆ, ಗುಡ್ಡದ ಕೆಳಗೆ, ಅಪಾರ್ಟ್‌ಮೆಂಟ್‌ಗಳ ನೀರಿನ ಟ್ಯಾಂಕುಗಳು ಕಾಣುತ್ತಿದ್ದವು. ಯಾವುದೋ ಮನೆಯ ಕುಕ್ಕರ್ ಸೀಟಿ ಕೇಳಿಸಿತು. ಚಿರತೆ ಕಿವಿ ಆಡಿಸಿತು, ಏಳಲಿಲ್ಲ.

"ಇವರ ಮನೆಯಲ್ಲಿ ಬಟ್ಟೆ ಒಣಗಿಸೋಕೆ ಮೇಲೆ ಹೋದರೆ ಇದು ಕಾಣುತ್ತಾ?" ಅತ್ತೆ ಕೇಳಿದರು. ನಾನು ಗೈಡ್‌ಗೆ ಹಿಂದಿಯಲ್ಲಿ ಹೇಳಿದೆ. ಅವರ ಮನೆ ಆ ಕಡೆಯೇ ಅಂತೆ, ಒಮ್ಮೊಮ್ಮೆ ಕಾಣುತ್ತಂತೆ, ನಾಯಿ ಮಾತ್ರ ರಾತ್ರಿ ಒಳಗೆ ಕಟ್ಟಬೇಕಂತೆ.